ತಟ್ಟೆಗೆ ಅಡ್ಡ ಬಂದ ಕೈ

ಮದುವೆಯ ಊಟದಲ್ಲಿ ಕುನ್ಲೆ ಒಂದು ಮಾತು ಕೊಟ್ಟಿದ್ದ. ಮದುಮಗಳು ಶರ್ವಾಣಿ ಹೇಳಿಕೊಟ್ಟ ಕನ್ನಡವನ್ನು ಬಾಯಿಪಾಠ ಮಾಡಿಕೊಂಡು, ಅತ್ತೆ ವನಜಾರ ಮುಖ ನೋಡಿ, "ಅಮ್ಮಾ, ನಿಮ್ಮ ಕೈಯಿಂದ ಬಡಿಸಿದ್ದಕ್ಕೆ ನಾನು ಯಾವತ್ತೂ ಬೇಡ ಅನ್ನಲ್ಲ" ಎಂದಿದ್ದ. ಆಫ್ರಿಕಾದ ಲಾಗೋಸಿನ ಹುಡುಗ ಅಳಿಯನಾಗುತ್ತಾನೆಂದು ಅತ್ತು ಅತ್ತು ಸುಸ್ತಾಗಿದ್ದ ವನಜಾ ಅಂದು ಮೊದಲ ಸಲ ನಕ್ಕು, ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದ್ದರು.

ಈಗ ವನಜಾ ಹೊರದೇಶದ ಆಡಮ್ಸ್‌ಟೌನಿನಲ್ಲಿ ಮಗಳ ಮನೆಯಲ್ಲೇ ಇದ್ದರು. ಮೊಮ್ಮಗಳನ್ನು ನೋಡಿ ಹೋಗಲು ಬಂದವರು, ಲಾಕ್‌ಡೌನಿನಲ್ಲಿ ವಿಮಾನ ನಿಂತು ಉಳಿದುಬಿಟ್ಟಿದ್ದರು. ಕುನ್ಲೆಯ ಅಣ್ಣ ಕೋವಿಡ್ ಬಂದು ಆಸ್ಪತ್ರೆ ಸೇರಿದ್ದ. ಅಣ್ಣನಿಗಿದ್ದ ಮೈಭಾರ, ಬಿಪಿ ಎರಡೂ ತಮ್ಮನಿಗೂ ಇದ್ದವು. ತೂಕ ಇಳಿಸಲೇಬೇಕು ಎಂದಿದ್ದರು ಡಾಕ್ಟರು.

ಆಫ್ರಿಕನ್ ಮೂಲದವರಿಗೆಂದೇ ನಡೆಯುತ್ತಿದ್ದ, ತೂಕ ಇಳಿಸುವ ಜೂಮ್ ಕ್ಲಾಸಿಗೆ ಅವನು ಸೇರಿದ. ಮನೆಯವರೊಬ್ಬರು ಜೊತೆಗೆ ಕೂರಬೇಕೆಂಬುದು ಅಲ್ಲಿಯ ನಿಯಮ. ಶರ್ವಾಣಿ ಕೂತಳು. ಕ್ಯಾಮೆರಾಗೆ ಕಾಣದಂತೆ ಮೇಜಿನ ಕೆಳಗೆ ಅವನು ಅವಳ ಕಿರುಬೆರಳು ಹಿಡಿಯುತ್ತಿದ್ದ. ಅವಳು ಸ್ಕ್ರೀನ್ ನೋಡುತ್ತಲೇ ನಾಚಿಕೊಳ್ಳುತ್ತಿದ್ದಳು.

ಆದರೆ ತೂಕ ಇಳಿಯಲಿಲ್ಲ. ಮೆಟ್ಟಿಲು ಹತ್ತುವಾಗ ಅವನಿಗೆ ಏದುಸಿರು ಬರುತ್ತಿತ್ತು. "ಗ್ರ್ಯಾಂಡ್, ಐಯಾಮ್ ಗ್ರ್ಯಾಂಡ್" ಅನ್ನುತ್ತಿದ್ದ, ಆರಾಮಾಗಿದ್ದೀನಿ ಅನ್ನಲು ಆ ಊರಿನವರು ಹೇಳುವ ಹಾಗೆ.

ಒಂದು ಸಂಜೆ ವಾಕಿಂಗಿನಲ್ಲಿ ಶರ್ವಾಣಿ ಕೇಳಿಯೇಬಿಟ್ಟಳು. "ಕದ್ದು ತಿಂತಿದೀಯಾ?"

"ಕದ್ದಲ್ಲ. ಮಧ್ಯಾಹ್ನ ನೀನು ಮೇಲೆ ಮೀಟಿಂಗಲ್ಲಿ ಇರ್ತೀಯ. ಕೆಳಗೆ ಅಮ್ಮ ಬಡಿಸ್ತಾರೆ."

"ಬೇಡ ಅನ್ನೋಕೇನು ಕಷ್ಟ?"

"ಪ್ರಾಮಿಸ್ ಮಾಡಿದೀನಿ, ಶರು. ಅಮ್ಮ ನನ್ನ ಒಪ್ಪಿದ್ದೇ ಆ ಮಾತಿಗೆ."

"ಮತ್ತೆ ನಾನು ಒಪ್ಪಿದ್ದು?"

"ನನ್ನ ಡ್ಯಾನ್ಸ್‌ಗೆ." ತುಟಿ ನಕ್ಕಿತು, ಕಣ್ಣು ನಗಲಿಲ್ಲ.

ಭಾನುವಾರ ಊಟಕ್ಕೆ ಕೂತಾಗಲೇ ಆಸ್ಪತ್ರೆಯಿಂದ ಫೋನ್ ಬಂತು. ಅಣ್ಣನನ್ನು ವೆಂಟಿಲೇಟರಿಗೆ ಹಾಕಿದ್ದರು. ಕುನ್ಲೆ ಫೋನನ್ನು ಬೋರಲು ಹಾಕಿದ. ವನಜಾರಿಗೆ ಸಮಾಧಾನ ಮಾಡಲು ಗೊತ್ತಿದ್ದುದು ಒಂದೇ ದಾರಿ. ಬಿಸಿಬೇಳೆಬಾತಿನ ಸೌಟು, ತುಪ್ಪದ ಬಟ್ಟಲು ಹಿಡಿದು ಬಂದರು. "ಇನ್ನೊಂಚೂರು ಹಾಕ್ಕೊಳಪ್ಪಾ. ಸಂಕಟದಲ್ಲಿ ಹೊಟ್ಟೆ ಖಾಲಿ ಇರಬಾರದು."

ಶರ್ವಾಣಿ ಮೇಜಿನ ಕೆಳಗೆ ಅವನ ಕಿರುಬೆರಳು ಹಿಡಿದಳು. ಈ ಸಲ ಹಿಡಿದದ್ದು ಅವಳು.

"ನೀನೇ ಹೇಳು, ಕುನ್ಲೆ. ನಾನು ಹೇಳಿದ್ರೆ ಅದು ನನ್ನ ಮಾತಾಗತ್ತೆ. ನಿನ್ನ ತಲೆಕೂದಲು ಬೆಳ್ಳಗಾಗೋದನ್ನ ನಾನು ನೋಡ್ಬೇಕು. ನೀನಿಲ್ದೆ ನನ್ ಕೈಲಾಗಲ್ಲ ಕಣೋ."

ಅವನು ಅವಳನ್ನೇ ನೋಡಿದ. ಆಮೇಲೆ ಎರಡೂ ಕೈಗಳನ್ನು ತಟ್ಟೆಗೆ ಅಡ್ಡ ಹಿಡಿದ.

"ಅಮ್ಮಾ, ಬೇಡ. ಸಾಕು."

ಸೌಟು ಗಾಳಿಯಲ್ಲೇ ನಿಂತಿತು. ವನಜಾರ ಮುಖ ಸಣ್ಣಗಾಯಿತು. ತುಪ್ಪದ ಬಟ್ಟಲನ್ನು ಮೇಜಿನ ಮೇಲಿಟ್ಟು, ಅವನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತರು.

"ಮತ್ತೆ ನಾನಿನ್ನೇನು ಮಾಡ್ಲಿ, ಹೇಳಪ್ಪಾ?"

"ನನ್ನ ಜೊತೆ ವಾಕಿಂಗ್ ಬನ್ನಿ, ಅಮ್ಮಾ."

ವನಜಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದರು. "ಶರ್ವಾಣಿ, ನನ್ನ ಸಾಕ್ಸ್ ಎಲ್ಲಿಟ್ಟೆ?"

ಮದುವೆಯ ಊಟದಲ್ಲಿ ಕೊಟ್ಟಿದ್ದ ಮಾತನ್ನು ಕುನ್ಲೆ ಮುರಿದಿದ್ದ.