ಸಡಿಲಿಸಿದ ತಂತಿಗಳು

ನ್ಯೂಯಾರ್ಕಿನಲ್ಲಿ ನದಿ ದಾಟಿಸುವ ಹಡಗುಗಳ ಮೇಲೆ ಅಣ್ಣ ಪ್ರಾಸ್ಪೆರೊ ಹಾರ್ಪ್, ನಾನು ಪಿಟೀಲು ನುಡಿಸುತ್ತಿದ್ದೆವು. ಎಂಥ ದಿನಗಳವು!

ಅಣ್ಣ ತೀರಿಕೊಂಡಾಗ ನಮ್ಮ ಮನೆತನದ ಪದ್ಧತಿಯಂತೆ ಅವನ ಹಾರ್ಪಿನ ತಂತಿಗಳನ್ನೆಲ್ಲ ಸಡಿಲಿಸಿ ಬಟ್ಟೆ ಹೊದಿಸಿದೆ. ಸತ್ತವನು ಮತ್ತೆ ಬಂದು ನುಡಿಸಬಾರದಲ್ಲ! ಆದರೆ ಒಬ್ಬನೇ ಹೋಗಲು ಮನಸ್ಸಾಗದೆ, ಅದನ್ನೂ ಹೊತ್ತುಕೊಂಡೇ ಹಡಗು ಹತ್ತಿದೆ.

ಸುಡುಬಿಸಿಲು. ಹಾರ್ಪಿನ ಕಡೆಗಿದ್ದ ನನ್ನ ಕಿವಿ ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಅಣ್ಣನ ಮೆಚ್ಚಿನ ಕುಣಿತದ ಧಾಟಿ ಎತ್ತಿಕೊಂಡೆ. ಅವನು ಯಾವಾಗಲೂ ಅವಸರ ಮಾಡುತ್ತಿದ್ದ ಕಡೆ ನನ್ನ ಕೈಯೂ ಓಡಿತು.

ಕೆಳಗಿನ ಅಂತಸ್ತಿನಿಂದ ನಿಂಬೆಹಣ್ಣು ಮಾರುವ ಬ್ರಿಜಿದಾಜ್ಜಿ ಕೂಗಿದಳು. ಅವಳಿಗೆ ಸಾವಿನ ಸುದ್ದಿ ತಿಳಿದಿರಲಿಲ್ಲ.

“ಏನೋ ಎಜಿದಿಯೊ, ನಿಮ್ಮಣ್ಣಂಗೆ ಇವತ್ತೂ ಅದೇ ಅವಸರ! ಒಲೆ ಮೇಲೆ ಹಾಲಿಟ್ಟು ಬಂದಿದಾನೇನೋ?”

ಮನೆಗೆ ಬಂದು ಹಾರ್ಪಿಗೆ ಹೊದಿಸಿದ್ದ ಬಟ್ಟೆ ತೆಗೆದೆ. ತಂತಿಗಳೆಲ್ಲ ಬಿಗಿಯಾಗಿದ್ದವು, ಶ್ರುತಿ ನನ್ನ ಪಿಟೀಲಿಗೆ ಸರಿಯಾಗಿ ಕೂಡಿತ್ತು.

ಮತ್ತೆ ಸಡಿಲಿಸಲು ನನಗೆ ಕೈ ಬರಲಿಲ್ಲ.