ಹಂತಗಳಿಲ್ಲದ ಉತ್ತರ

"ಕಾಪಿ ಹೊಡೆಯೋಕೂ ಸ್ವಲ್ಪ ಬುದ್ಧಿ ಬೇಕು ಕಣ್ರೀ!"

ಉತ್ತರಪತ್ರಿಕೆಯನ್ನು ಟೀಚರಮ್ಮ ಬಡಗಿಯ ಮುಂದೆ ಎಸೆದಳು. ವಯಸ್ಕರ ಭಾನುವಾರದ ತರಗತಿಯಲ್ಲಿ ಅದು ಅವನ ಮೊದಲ ಪರೀಕ್ಷೆ. ಹತ್ತು ಸಮೀಕರಣ, ಹತ್ತೂ ಉತ್ತರ ಸರಿ. ಒಂದಕ್ಕೂ ಹಂತಗಳಿಲ್ಲ!

ಹತ್ತನೇ ತರಗತಿ ಪಾಸಾದರೆ ಅವನಿಗೆ ತರಬೇತಿ ಕೇಂದ್ರದಲ್ಲಿ ಮರಗೆಲಸ ಕಲಿಸುವ ಹುದ್ದೆ ಸಿಗುತ್ತಿತ್ತು.

'ಈ ಮುಖಕ್ಕೆ ಬೀಜಗಣಿತ ಬೇರೆ ಕೇಡು...' ಎಂದುಕೊಂಡಳು ಅವಳು.

"ಕಾಪಿ ಅಲ್ಲ, ಮೇಡಂ."

"ಹಾಗಾದ್ರೆ ಹೇಳಿ, 3x + 5 = 41. ಐದನ್ನ ಪಕ್ಷಾಂತರ ಮಾಡಿದ್ರೆ ಏನಾಗುತ್ತೆ?"

"ಪಕ್ಷಾಂತರ ಅಂದ್ರೆ... ಚುನಾವಣೇದಾ?"

ತರಗತಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. "ಚಿಹ್ನೆ ಬದಲಾಗುತ್ತೆ ಅಂತ ಅಲ್ಲಿಂದಾದ್ರೂ ಕಲೀಬಾರದಿತ್ತಾ? ಸೊನ್ನೆ!"

ಮುಂದಿನ ಭಾನುವಾರ ಅವನು ಬರಲಿಲ್ಲ.

'ಪೀಡೆ ತೊಲಗಿತು!' ಎಂದುಕೊಂಡಳು. ಕಣ್ಣು ಮಾತ್ರ ಬಾಗಿಲ ಕಡೆಗೇ...

ಆ ವಾರವೇ ಅವಳ ಅಕ್ಕ ಪುಸ್ತಕದ ಕಪಾಟು ಮಾಡಿಸಲು ಹೊರಟಳು. ಜೊತೆಗೆ ಇವಳೂ ಹೋದರೆ, ಅದು ಆ ಬಡಗಿಯದೇ ಅಂಗಡಿ!

"ಎತ್ತರ ನಲವತ್ತೊಂದು ಇಂಚು, ಒಳಗೆ ಮೂರು ಸಮ ಖಾನೆ," ಎಂದಳು ಅಕ್ಕ.

"ಒಂದೊಂದು ಖಾನೆ ಹನ್ನೆರಡು ಇಂಚು ಬರುತ್ತೆ, ಅಕ್ಕಾ. ನಾಲ್ಕು ಹಲಗೆಗಳ ದಪ್ಪ ಸೇರಿ ಐದು ಇಂಚು ಕಳೀರಿ, ಮೂವತ್ತಾರು. ಅದನ್ನ ಮೂರು ಪಾಲು ಮಾಡಿ." ಹಲಗೆಗೆ ರಂದ ಹೊಡೆದು ನಯ ಮಾಡುತ್ತಲೇ ಹೇಳಿದ.

ಟೀಚರಮ್ಮನ ಮುಖ ಬಿಳುಚಿತು. ಅದೇ ಲೆಕ್ಕ!

"ಅವತ್ತೇ ಯಾಕೆ ಹೇಳಲಿಲ್ಲ?"

"ನೀವು ನಗೋದ್ರಲ್ಲಿ ಬಿಜಿ ಇದ್ರಿ." ಅವನು ಸ್ಟೂಲ್ ಒರೆಸಿದ. "ಅಕ್ಕಾ, ಕೂತ್ಕೊಳ್ಳಿ. ಮೇಡಂ ನಿಂತಿರಲಿ."

"ನನ್ನ ತಪ್ಪು... ಕ್ಷಮಿಸಿ."

"ಇಲ್ಲಿ ಪಿಸುಗುಟ್ಟಿದ್ರೆ ಆಯ್ತಾ? ನಕ್ಕವರ ಮುಂದೆ ಹೇಳಿ!"

ಎಂಥ ಸೊಕ್ಕು! ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಭಾನುವಾರ ತುಂಬಿದ ತರಗತಿಯ ಮುಂದೆ ನಿಂತು ಹೇಳಿದಳು: "ಇವರು ಕಾಪಿ ಹೊಡೆದಿರಲಿಲ್ಲ. ದಡ್ಡತನ ನನ್ನದು." ಹಿಂದಿನ ಬೆಂಚಿನಲ್ಲಿ ಕೂತಿದ್ದ ಅವನು ಮೆಲ್ಲಗೆ ಪುಸ್ತಕ ತೆರೆದ.

ಆಮೇಲೆ ಏಳು ತಿಂಗಳು ಅವಳು ಬೈದಳು, ಅವನು ಬರೆದ.

ಫಲಿತಾಂಶದ ದಿನ ಅವನು ಓಡಿ ಬಂದ. "ಪಾಸು! ಗಣಿತದಲ್ಲಿ ಎಂಬತ್ತೊಂದು!"

"ಅಷ್ಟೇನಾ? ಉಳಿದ ಹತ್ತೊಂಬತ್ತು ಎಲ್ಲಿ ಹೋಯ್ತು?"

"ಬೋರ್ಡ್ ನೋಡೋ ಬದಲು ನಿಮ್ಮನ್ನೇ ನೋಡ್ತಿದ್ದೆ... ಅದರಲ್ಲಿ ಹೋಯ್ತು."

ಅವಳು ಅವನ ಕೈ ಹಿಡಿದಳು. "ಇದನ್ನ ಹೇಳೋಕೆ ಏಳು ತಿಂಗಳು ಬೇಕಾಯ್ತಾ? ಮುಂದೇನು ಕೇಳಬೇಕು ಅಂತಾನೂ ನಾನೇ ಹೇಳ್ಕೊಡಬೇಕಾ?"

"ಹೂಂ... ಹೇಳ್ಕೊಡು."

ಮೊದಲ ಸಲ ಅವನ ಬಾಯಲ್ಲಿ ಏಕವಚನ!

"ಮದುವೆ ಆಗ್ತೀಯಾ ಅಂತ ಕೇಳು, ಪೆದ್ದ."

"ಆಗ್ತೀಯಾ?"

"ಯೋಚನೆ ಮಾಡ್ತೀನಿ," ಎಂದಳು. ಹಿಡಿದ ಅವನ ಕೈಯನ್ನು ಮಾತ್ರ ಬಿಡಲಿಲ್ಲ.