ಎರಡನೆಯ ಕೂಗು

ಇದು ನಡೆದದ್ದು ಬಹಳ ಹಿಂದೆ, ಮಳೆನಕ್ಷತ್ರಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ.

ಹನಿಗೋಡು ಎಂಬ ರಾಜ್ಯ. ಅದರ ಬೆನ್ನಿಗೆ ಒಂದು ಕಾಡು. ನಡುಹಗಲಲ್ಲೂ ಬಿಸಿಲು ನೆಲ ಮುಟ್ಟದ ಕಾಡು. ಆ ಕಾಡಿನ ಏರಿನಲ್ಲಿ ಒಂದರ ಮೇಲೊಂದು ಮೂರು ಅಬ್ಬಿಗಳು ಧುಮುಕುತ್ತಿದ್ದವು. ಕೆಳಗಿನದು ಅಡಿಯಬ್ಬಿ, ನಡುವಿನದು ನಡುವಬ್ಬಿ, ಮೋಡದೊಳಗೆ ತಲೆಯಿಟ್ಟದ್ದು ಮುಡಿಯಬ್ಬಿ. ಹನಿಗೋಡಿನ ಜನ ಅವನ್ನು ನೋಡಲೆಂದೇ ಬೆಟ್ಟ ಹತ್ತುತ್ತಿದ್ದರು. ಅಲ್ಲಿ ಬೇರೆ ಕೆಲಸವೇನೂ ಇರಲಿಲ್ಲ. ನಿಂತು ನೋಡುವುದು, ಇಳಿದು ಬರುವುದು. ನೋಡಿ ಬಂದವರು ಆ ದಿನ ಹೆಚ್ಚು ಮಾತಾಡುತ್ತಿರಲಿಲ್ಲ.

ಆ ಕಾಡಿಗೆ ಎರಡು ಕಟ್ಟಳೆ. ಕಾಡಿನ ಬಾಯಲ್ಲಿರುವ ಹೆಬ್ಬಲಸಿನ ಮರದ ಪೊಟರೆಯಲ್ಲಿ ಒಂದು ಕಲ್ಲು ಹಾಕಿ ಒಳಗೆ ಹೋಗಬೇಕು. ಮರಳಿ ಬಂದವರು ತಮ್ಮ ಕಲ್ಲನ್ನು ತಾವೇ ತೆಗೆದುಕೊಳ್ಳಬೇಕು. ಇನ್ನೊಂದು, ಕಾಡಿನೊಳಗೆ ಯಾರನ್ನೂ ಹೆಸರು ಹಿಡಿದು ಕರೆಯಬಾರದು. 'ಕೂ' ಎಂದು ಕೂಗಬೇಕು, ಅದೂ ಎರಡು ಸಲ. ಮನುಷ್ಯ ಎರಡು ಸಲ ಕೂಗುತ್ತಾನೆ, ಮಾಯೆ ಒಂದೇ ಸಲ ಕೂಗುತ್ತದೆ. ಒಂಟಿ ಕೂಗಿಗೆ ಓಗೊಟ್ಟವರು ಕೆಟ್ಟರು.

ದ್ಯಾವಿ ಮತ್ತು ಅವಳ ಅಣ್ಣ ಈರ ಜನರನ್ನು ಅಬ್ಬಿಗೆ ಕರೆದೊಯ್ಯುವ ದಾರಿಗರು. ಅವರ ತಾಯಿಯೂ ಅದೇ ಕೆಲಸ ಮಾಡಿದವಳು. ಸಾಲಿನ ಮುಂದೆ ದ್ಯಾವಿ, ಕಡೆಗೆ ಈರ. ತಾಯಿ ಸತ್ತ ಮೇಲೆ ಅವಳಿಗೆ ಅವನು, ಅವನಿಗೆ ಅವಳು.

ಒಂದು ಮಳೆಗಾಲ ಅಡಿಯಬ್ಬಿಯ ಸದ್ದು ನಿಂತಿತು. ನೀರು ಬೀಳುತ್ತಲೇ ಇತ್ತು, ಸದ್ದು ಮಾತ್ರ ಇಲ್ಲ. ಏನಾಯಿತೆಂದು ನೋಡಲು ಹೋದವರು ಮರಳಲಿಲ್ಲ. ಆಮೇಲೆ ನಡುವಬ್ಬಿ ಮೂಕವಾಯಿತು, ಆಮೇಲೆ ಮುಡಿಯಬ್ಬಿ. ದ್ಯಾವಿಯ ಕಾಲಿಗೆ ಮುಳ್ಳು ನಾಟಿ ಬಾತುಕೊಂಡಿದ್ದಾಗ ಈರ ಒಬ್ಬನೇ ಹೋದ. ಅವನೂ ಮರಳಲಿಲ್ಲ.

ಅರಸ ಡಂಗುರ ಹೊಡೆಸಿದ. "ಮುಡಿಯಬ್ಬಿಯಲ್ಲಿ ದನಿ ಕದಿಯುವ ಮಾಟಗಾರನಿದ್ದಾನೆ. ನಾಳೆ ಹೊತ್ತು ಮುಳುಗುವಾಗ ಪೊಟರೆಯ ಬಾಯಿಗೆ ಮಣ್ಣು ಮೆತ್ತಿಸುತ್ತೇವೆ. ಒಳಗೆ ಉಳಿದ ಕಲ್ಲುಗಳು ಸತ್ತವರ ಕಲ್ಲುಗಳು."

ಪೊಟರೆ ಮುಚ್ಚಿದರೆ ಕಾಡಿನ ದಾರಿಯೂ ಮುಚ್ಚಿಕೊಳ್ಳುತ್ತದೆ. ಬಳ್ಳಿ ಬಳ್ಳಿ ಬೆಸೆದು, ಒಳಗಿದ್ದವರು ಒಳಗೇ. ಅದು ಆ ಮರದ ಗುಣ.

ಮರುದಿನ ಬೆಳಕು ಹರಿಯುವಾಗ ದ್ಯಾವಿ ಮರದ ಬುಡದಲ್ಲಿದ್ದಳು. ಪೊಟರೆ ಕಾಯುವ ಬೆಳ್ಳಜ್ಜಿ ಅವಳನ್ನು ನೋಡಿ, "ಬಂದೆಯಾ? ಕಾಲು ಹೇಗಿದೆಯೇ?" ಎಂದಳು.

"ನಡೆಯುತ್ತೆ ಅಜ್ಜಿ."

"ನಡೆದರೆ ಸಾಲದು ಮಗಾ. ಇವತ್ತು ಹೊತ್ತು ಓಡುತ್ತೆ."

ಅಜ್ಜಿ ಅವಳ ಕಣಕಾಲಿಗೆ ಹೊಗೆಸೊಪ್ಪು, ಸುಣ್ಣ ಉಜ್ಜಿದಳು, ರಕ್ತ ಹೀರುವ ಇಂಬಳ ಹತ್ತದಿರಲೆಂದು. ದ್ಯಾವಿ ತನ್ನ ಕಲ್ಲನ್ನು ಪೊಟರೆಗೆ ಹಾಕಿದಳು. ಬಿಳಿ ಗೆರೆಯ ಕಲ್ಲು ಕೈಗೆ ಸಿಕ್ಕಿತು. ಅದು ಈರನದು. ತೀರಾ ತಳದಲ್ಲಿ ಇನ್ನೊಂದಿತ್ತು, ಪಾಚಿ ಕಟ್ಟಿ ಮೆತ್ತಗಾದದ್ದು.

"ಇದು ಯಾರದಜ್ಜಿ?"

"ನನ್ನಜ್ಜಿ ಕಾಯುತ್ತಿದ್ದ ಕಾಲದ್ದು. ಯಾರೋ ಪರದೇಶಿ, ಸಾಲಿನ ಕೊನೆಗೆ ಬಂದು ಸೇರಿಕೊಂಡನಂತೆ. ಇಳಿಯುವಾಗ ಇರಲಿಲ್ಲ. ಮೇಲಿಂದ ಕೂಗು ಕೇಳಿತಂತೆ, ಆದರೆ ಒಂದೇ. 'ನಾವು ಮೋಸಹೋಗಲಿಲ್ಲ ಕಣೇ' ಅಂತ ಸಾಯುವ ತನಕ ಹೇಳಿಕೊಳ್ಳುತ್ತಿದ್ದಳು ನನ್ನಜ್ಜಿ."

ದ್ಯಾವಿ ಕಾಡು ಹೊಕ್ಕಳು.

ಮನೆಗೋಡೆಯಷ್ಟು ಅಗಲದ ಬೇರುಗಳನ್ನು ಸುತ್ತಿದಳು. ಹೆಗಲೆತ್ತರದ ಜರಿಗಿಡಗಳನ್ನು ಸೀಳಿದಳು. ಎಲೆಯಿಂದೆಲೆಗೆ ಹನಿ ತೊಟ್ಟಿಕ್ಕುತ್ತಿತ್ತು. ಮೇಲೆಲ್ಲೋ ಮಂಗಟ್ಟೆ ಹಕ್ಕಿಯ ರೆಕ್ಕೆ ಬೀಸುವ ಸದ್ದು. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಅಬ್ಬಿಯ ಮೊರೆತ ಎದೆಗೆ ತಾಕುತ್ತಿತ್ತು. ಇಂದು ಮರಗಳು ಸರಿದವು, ಅಬ್ಬಿ ಸುಮ್ಮನೆ ಎದುರು ನಿಂತಿತು.

ದ್ಯಾವಿಯ ಕಾಲು ನಿಂತಿತು. ಬಂಡೆಯ ಉದ್ದಗಲಕ್ಕೂ ನೀರು ಬೀಳುತ್ತಿದೆ. ತುಂತುರು ಮುಖಕ್ಕೆ ಬಡಿಯುತ್ತಿದೆ, ಕಾಲಡಿಯ ಕಲ್ಲು ನಡುಗುತ್ತಿದೆ. ಸದ್ದಿಲ್ಲ. ನಿದ್ದೆಯಲ್ಲಿ ಕಂಡ ನೀರಿನ ಹಾಗೆ.

ದಾರಿಗೆ ಅಡ್ಡಲಾಗಿ ಆನೆಗಾತ್ರದ ಕಪ್ಪೆಯೊಂದು ಕೂತಿತ್ತು. ಅದು ಬಾಯಿ ತೆರೆಯುವ ಮೊದಲೇ ನೀರಿನೊಳಗಿನಿಂದ ಕೂಗು ಬಂತು. "ಕೂ!"

ಅದು ಅವಳ ಸತ್ತ ತಾಯಿಯ ದನಿ.

ದ್ಯಾವಿ ಓಗೊಡಲಿಲ್ಲ. ಎರಡನೆಯದಕ್ಕೆ ಕಾದಳು. ಎರಡನೆಯದು ಬರಲಿಲ್ಲ.

"ಏನೇ ಹುಡುಗಿ," ಎಂದಿತು ಕಪ್ಪೆ, "ಹೆತ್ತವಳು ಕರೆದರೂ ಬಾಯಿ ಬಿಡೆಯಲ್ಲ. ಎಂಥ ಕಲ್ಲೆದೆಯೇ ನಿನ್ನದು!"

"ನಮ್ಮವ್ವ ಆಗಿದ್ದರೆ ಇಷ್ಟು ಹೊತ್ತಿಗೆ ಹತ್ತು ಸಲ ಕೂಗಿ, ನಾಲ್ಕು ಬೈದಿರುತ್ತಿದ್ದಳು," ಎಂದಳು ದ್ಯಾವಿ. ಅವಳ ಕಣ್ಣು ತುಂಬಿತ್ತು.

ಕಪ್ಪೆ ಹೊಟ್ಟೆ ಕುಣಿಸಿ ನಕ್ಕಿತು. "ಅಬ್ಬಿಯ ಮುಂದೆ ಕೂಗಿದ ದನಿಗಳೆಲ್ಲ ಅಬ್ಬಿಯೊಳಗೇ ಉಳಿಯುತ್ತವೆ. ಮಾಟಗಾರ ಬಂದು ಇದರ ಎದುರು ಒಂದೇ ಸಲ ಕೂಗಿದ. ಪಾಪ, ಅಬ್ಬಿಗೆ ಕಟ್ಟಳೆ ಗೊತ್ತೇ? ಕೂಗಿದವರಿಗೆಲ್ಲ ಓಗೊಡುತ್ತೆ. ಓಗೊಟ್ಟಿತು, ದನಿ ಕಳೆದುಕೊಂಡಿತು. ಈಗ ಎಲ್ಲ ಅವನ ಸೋರೆಬುರುಡೆಗಳೊಳಗಿದೆ."

"ನನ್ನನ್ನು ಬಿಡುತ್ತೀಯಾ?"

"ಓಗೊಟ್ಟವರನ್ನು ಹಿಡಿ ಅಂತ ಅಪ್ಪಣೆ. ಓಗೊಡದವರನ್ನು ಏನು ಮಾಡಬೇಕು ಅಂತ ಅವನು ಹೇಳಿಲ್ಲ. ನಾನು ಕೇಳಿಯೂ ಇಲ್ಲ." ಕಪ್ಪೆ ಪಕ್ಕಕ್ಕೆ ಸರಿಯಿತು.

ಏರು ಕಡಿದಾಯಿತು. ಬೇರು ಹಿಡಿದು, ಬಂಡೆ ತಬ್ಬಿ ಹತ್ತಿದಳು. ಬಾತ ಕಾಲು ನೋಯುತ್ತಿತ್ತು, ಉಸಿರು ತಿದಿಯಂತೆ ಆಡುತ್ತಿತ್ತು. ಹೊತ್ತು ನೆತ್ತಿಗೆ ಬಂದಾಗ ನಡುವಬ್ಬಿ ಕಂಡಿತು. ಅದು ಕಂದಕದ ಮೇಲಿಂದ ಒಂದೇ ಬಿಳಿ ಹಾಳೆಯಾಗಿ ಇಳಿಯುತ್ತಿತ್ತು. ಅದರ ಬುಡದಲ್ಲಿ ಒಂದು ಕಾಳಿಂಗ ಸರ್ಪ ಸುತ್ತಿಕೊಂಡು ಮಲಗಿತ್ತು. ಅದರ ಬಾಲ ಎಲ್ಲಿ ಮುಗಿಯುತ್ತದೆಂದು ಕಾಣಿಸಲಿಲ್ಲ.

"ಕೂ!"

ಈರನ ದನಿ. ತೀರಾ ಹತ್ತಿರದಿಂದ, ನೀರಿನಾಚೆಯಿಂದ.

ದ್ಯಾವಿಯ ಬಾಯಿ ತೆರೆದೇಬಿಟ್ಟಿತು. ಪಕ್ಕದ ಕಾಡುದಾಲ್ಚಿನ್ನಿಯ ಎಲೆಗಳನ್ನು ಕಿತ್ತು ಬಾಯಿಗೆ ತುರುಕಿ ಕಚ್ಚಿ ಹಿಡಿದಳು. ಓಗೊಡಲಿಲ್ಲ. ಎರಡನೆಯದಕ್ಕೆ ಕಾದಳು. ಎರಡನೆಯದು ಬರಲಿಲ್ಲ.

"ಅವನು ನಿನ್ನ ದನಿಗೆ ಓಗೊಟ್ಟು ಕಲ್ಲಾದ," ಎಂದಿತು ಸರ್ಪ. "ನೀನು ಅವನ ದನಿಗೆ ಓಗೊಡಲಿಲ್ಲ. ಯಾರಿಗೆ ಪ್ರೀತಿ ಹೆಚ್ಚು?"

ದ್ಯಾವಿ ಎಲೆ ಉಗಿದಳು. "ಇಬ್ಬರೂ ಕಲ್ಲಾದರೆ ಪ್ರೀತಿ ಮಾಡಲು ಯಾರಿರುತ್ತಾರೆ? ದಾರಿ ಬಿಡು."

ಸರ್ಪ ತಲೆ ತಗ್ಗಿಸಿತು. "ನೀರಿನ ಹಿಂದೆ ಹೋಗು. ದಾರಿ ಅಲ್ಲಿದೆ."

ನೀರಿನ ಹಿಂದೆ ಒಂದು ಗವಿ. ಹಾಳೆಯನ್ನು ದಾಟಿ ಬಂದ ಬೆಳಕು ಗೋಡೆಯ ತುಂಬ ಹಸಿರಾಗಿ ಅಲೆಯುತ್ತಿತ್ತು. ಆ ಬೆಳಕಿನಲ್ಲಿ ಕಲ್ಲಿನ ಜನ ನಿಂತಿದ್ದರು. ಕೈ ಬಾಯಿಯ ಸುತ್ತ, ಬಾಯಿ 'ಕೂ' ಎನ್ನುವ ಆಕಾರದಲ್ಲಿ. ಕಡೆಯವನು ಈರ. ಸಾಲಿನಲ್ಲಿ ಅವನ ಜಾಗ ಯಾವಾಗಲೂ ಅದೇ. ದ್ಯಾವಿ ಅವನ ಕೆನ್ನೆ ಮುಟ್ಟಿದಳು. ತಣ್ಣಗಿತ್ತು. "ಬಂದೆ ಇರು," ಎಂದಳು, ಹತ್ತಿದಳು.

ಮೇಲೆ ಮರಗಳು ಗಿಡ್ಡವಾದವು. ಪ್ರತಿ ಕೊಂಬೆಗೂ ಪಾಚಿಯ ಗಡ್ಡ. ಮೋಡ ಮೈಸೋಕಿ ಹಾದುಹೋಗುತ್ತಿತ್ತು. ಮೋಡ ಒಮ್ಮೆ ಬಿರಿಯಿತು.

ಮುಡಿಯಬ್ಬಿ! ಅದು ಬೆಟ್ಟದಿಂದ ಬೀಳುತ್ತಿರಲಿಲ್ಲ, ಆಕಾಶದಿಂದಲೇ ಬೀಳುತ್ತಿತ್ತು. ಅದರ ಸುತ್ತ ಕಾಮನಬಿಲ್ಲುಗಳು ಒಂದರೊಳಗೊಂದು ಬಳೆಗಳ ಹಾಗೆ ನಿಂತಿದ್ದವು. ಅದನ್ನು ಎಷ್ಟೋ ಸಲ ನೋಡಿದ್ದ ದ್ಯಾವಿ ಹೊತ್ತನ್ನು ಮರೆತಳು, ಕಾಲುನೋವನ್ನು ಮರೆತಳು. ಅದು ಮೂಕವಾಗಿದ್ದರೂ ಅದರ ಮುಂದೆ ಅವಳು ಒಂದು ಹನಿ. ಇಂಥದ್ದರ ದನಿಯನ್ನೂ ಒಬ್ಬನು ಕದ್ದನಲ್ಲ ಎಂದು ಮೈ ಜುಮ್ಮೆಂದಿತು.

ನೀರಿನ ನಡುವೆ ಒಂದು ಬಂಡೆ. ಬಂಡೆಯ ಮೇಲೆ ಬೆನ್ನು ಹಾಕಿ ಕೂತ ಒಂದು ಆಕಾರ. ಅದರ ಕೂದಲು ಬೇರುಗಳಾಗಿ ನೀರಿಗಿಳಿದಿತ್ತು. ಸುತ್ತಲೂ ತೂಗುಬಿದ್ದ ಸೋರೆಬುರುಡೆಗಳು, ಬಿರಡೆ ಬಿಗಿದವು.

"ಕೂ!"

ಪರಿಚಯದ ದನಿಯಲ್ಲ. ಸಣ್ಣದು, ಒಡಕು. ಕೊನೆಗೊಂದು ಏದುಸಿರು.

ದ್ಯಾವಿ ಓಗೊಡಲಿಲ್ಲ. ಎರಡನೆಯದಕ್ಕೆ ಕಾದಳು. ಎರಡನೆಯದು ಬರಲಿಲ್ಲ.

ಹೊತ್ತು ಬಾಗುತ್ತಿತ್ತು. ಅವಳು ಕಲ್ಲಿನ ಮೇಲೆ ಕೂತು ಯೋಚಿಸಿದಳು. ಅವ್ವನ ಕೂಗಿನಲ್ಲಿ ಏದುಸಿರಿರಲಿಲ್ಲ. ಅಣ್ಣನ ಕೂಗಿನಲ್ಲೂ ಇರಲಿಲ್ಲ. ಅಬ್ಬಿಯ ತನಕ ಹತ್ತಿ ಬಂದವರು ಏದುತ್ತಾರೆ. ಕದ್ದ ದನಿಗೆ ಉಸಿರಿಲ್ಲ. ಈ ದನಿಗೆ ಇದೆ. ಹಾಗಾದರೆ ಇದು ಕದ್ದದ್ದಲ್ಲ, ಕೂಗುವವನದೇ. ಉಸಿರಿರುವವನು ಒಂದೇ ಸಲ ಯಾಕೆ ಕೂಗುತ್ತಾನೆ?

ಪೊಟರೆಯ ತಳದ ಪಾಚಿಗಲ್ಲು ನೆನಪಾಯಿತು. ಎರಡನೆಯದಕ್ಕೆ ಅವನಲ್ಲಿ ಉಸಿರೇ ಉಳಿಯದಿದ್ದರೆ?

ಲೆಕ್ಕ ತಪ್ಪಿದರೆ ಅವಳೂ ಕಲ್ಲು. ಸಂಜೆಗೆ ಪೊಟರೆ ಮುಚ್ಚುತ್ತದೆ, ಈರ ಎಂದೆಂದಿಗೂ ಆ ಹಸಿರು ಬೆಳಕಿನಲ್ಲಿ ನಿಲ್ಲುತ್ತಾನೆ. ಸುಮ್ಮನೆ ಇಳಿದರೂ ಆಗುವುದು ಅದೇ. ಅವಳು ಎದ್ದು ನಿಂತಳು. ಬಾಯಿಯ ಸುತ್ತ ಕೈ ಹಿಡಿದಳು. ಕೂಗಿಗೆ ಉತ್ತರ ಕೊಡಲಿಲ್ಲ. ಅವನು ಬಿಟ್ಟ ಎರಡನೆಯ ಕೂಗನ್ನು ಅವನ ಪರವಾಗಿ ತಾನು ಕೂಗಿದಳು.

"ಕೂ!"

ಎರಡಾಯಿತು. ಎರಡಾದ ಮೇಲೆ ಅದು ಮನುಷ್ಯನ ಕೂಗು. ಈಗ ಕಟ್ಟಳೆಯಂತೆ ಓಗೊಟ್ಟಳು: "ಕೂ! ಕೂ!"

ಬಂಡೆಯ ಮೇಲಿನ ಆಕಾರ ತಿರುಗಿತು. "ಕೇಳಿಸಿತಾ?" ಎಂದಿತು.

"ಕೇಳಿಸಿತು. ಬಂದಿದ್ದೇನೆ."

ಬೇರುಗಳು ಕಳಚಿದವು. ಪಾಚಿ ಉದುರಿತು. ಕೂತಿದ್ದವನು ಒಬ್ಬ ಸಣಕಲು ಮುದುಕ. "ಜಾರಿ ಬಿದ್ದು ಪಕ್ಕೆಲುಬು ಮುರಿದಿತ್ತು," ಎಂದ ಅವನು. "ಒಂದು ಕೂಗಿಗಷ್ಟೇ ಉಸಿರಿತ್ತು. ಅವರಿಗೆ ಕೇಳಿಸಿತು, ನಿಂತರು, ಆಮೇಲೆ ಇಳಿದುಹೋದರು. ನಾನು ನೋಡುತ್ತಿದ್ದೆ. ಆಮೇಲೆ ಈ ಕಾಡಿನ ಮಾಟ ಕಲಿತೆ. ಯಾರದಾದರೂ ದನಿ ನನ್ನ ಎರಡನೆಯ ಕೂಗಾದೀತು ಅಂತ ಒಂದೊಂದೇ ಕದ್ದೆ. ಯಾವುದೂ ಆಗಲಿಲ್ಲ."

"ಕದ್ದದ್ದು ಹೇಗಾದೀತು? ಬಿರಡೆ ತೆಗಿ ತಾತ. ನನ್ನಣ್ಣ ಕಾಯುತ್ತಿದ್ದಾನೆ."

ಅವನು ಒಂದೊಂದಾಗಿ ಬಿರಡೆಗಳನ್ನು ಕಿತ್ತ.

ಮೊದಲು ಮುಡಿಯಬ್ಬಿ ಮೊರೆಯಿತು. ಮೋಡಗಳು ಹರಿದು ಚಿಂದಿಯಾದವು. ಆಮೇಲೆ ನಡುವಬ್ಬಿ, ಆಮೇಲೆ ಅಡಿಯಬ್ಬಿ. ಮೂರು ದನಿ ಸೇರಿ ಬೆಟ್ಟದ ಎಲುಬು ನಡುಗಿತು. ಆ ಮೊರೆತದೊಳಗೆ ದ್ಯಾವಿಗೆ ಒಂದು ಗಳಿಗೆ ಅವ್ವನ ಕೂಗು ಕೇಳಿಸಿತು. ಈ ಸಲ ಎರಡು.

ಗವಿಯ ಕಲ್ಲಿನ ಜನ ಬಾಯಿ ಮುಚ್ಚಿ ಕೈ ಇಳಿಸಿದರು. ಮುದುಕನೊಂದಿಗೆ ಇಳಿದು ಬಂದ ತಂಗಿಯನ್ನು ಈರ ನೋಡಿ, "ಎಷ್ಟು ಹೊತ್ತೇ ಮಾರಾಯ್ತಿ! ಕತ್ತು ಹಿಡಿದುಕೊಂಡಿದೆ," ಎಂದ. ದ್ಯಾವಿ ಅವನಿಗೊಂದು ಗುದ್ದು ಕೊಟ್ಟಳು, ಆಮೇಲೆ ಅತ್ತಳು.

ಹೊತ್ತು ಮುಳುಗಲು ಮಾರುದ್ದ ಉಳಿದಿತ್ತು. ಸರ್ಪ ಜಾರುದಾರಿಯಾಗಿ ಮೈ ಚಾಚಿತು. ಕೆಳಗೆ ಕಪ್ಪೆ ಎಲ್ಲರನ್ನೂ ಬೆನ್ನ ಮೇಲೆ ಕೂರಿಸಿಕೊಂಡು, "ಇಳಿಸು ಅಂತಲೂ ಅಪ್ಪಣೆಯಿಲ್ಲ, ಇಳಿಸಬೇಡ ಅಂತಲೂ ಇಲ್ಲ," ಎಂದು ಮೂರು ನೆಗೆತ ನೆಗೆಯಿತು.

ಮರದ ಬುಡದಲ್ಲಿ ಅರಸನ ಆಳು ಮಣ್ಣು ಕಲಸಿ ನಿಂತಿದ್ದ. ಬೆಳ್ಳಜ್ಜಿ ಪೊಟರೆಗೆ ಬೆನ್ನು ಕೊಟ್ಟು, "ಮೊದಲು ನನಗೆ ಮೆತ್ತಪ್ಪಾ, ಆಮೇಲೆ ಮರಕ್ಕೆ," ಎನ್ನುತ್ತಿದ್ದಳು. ಆಗ ಕಾಡಿನೊಳಗಿನಿಂದ ಕೂಗು ಬಂತು, ಎರಡು ಸಲ. ಇಡೀ ಹನಿಗೋಡು ಓಗೊಟ್ಟಿತು. ಅರಸನೂ ಕೂಗಿದ, ಕಿರೀಟ ಜಾರಿಬೀಳುವಷ್ಟು ಜೋರಾಗಿ.

ಅರಸ ಮುದುಕನನ್ನು ಶಿಕ್ಷಿಸಬೇಕೆಂದ. ಬೆಳ್ಳಜ್ಜಿ ಮುದುಕನ ಮುಖವನ್ನೇ ದಿಟ್ಟಿಸಿ, "ಮೊದಲು ನಮ್ಮಜ್ಜಿಯನ್ನು ಕರೆಸಿ ಶಿಕ್ಷಿಸು ಮಹಾಸ್ವಾಮಿ," ಎಂದಳು. ಅರಸ ಶಿಕ್ಷೆಯ ಮಾತು ಬಿಟ್ಟ. ಅಂದಿನಿಂದ ಹನಿಗೋಡಿನಲ್ಲಿ ಕಟ್ಟಳೆ ಬದಲಾಯಿತು: ಒಂಟಿ ಕೂಗು ಕೇಳಿದರೆ ಎರಡನೆಯದನ್ನು ಕೇಳಿದವರೇ ಕೂಗಬೇಕು, ಕೂಗಿ ಹೋಗಿ ನೋಡಬೇಕು. ಮುದುಕ ಮರದ ಬುಡದಲ್ಲೇ ಉಳಿದು ಕಾಡಿನತ್ತ ಕಿವಿಗೊಟ್ಟು ಕೂತ. ಅಣ್ಣ ತಂಗಿ ಮತ್ತೆ ಜನರನ್ನು ಅಬ್ಬಿಗೆ ಕರೆದೊಯ್ದರು. ಎಲ್ಲರೂ ಬಹುಕಾಲ ಸುಖವಾಗಿದ್ದರು.

ಆದರೆ ಅದಕ್ಕೆ ಮೊದಲು, ಅದೇ ಸಂಜೆ, ಎಲ್ಲರೂ ಸಾಲಾಗಿ ನಿಂತು ತಮ್ಮ ತಮ್ಮ ಕಲ್ಲು ತೆಗೆದುಕೊಂಡರು. ಈರ ತನ್ನ ಬಿಳಿಗೆರೆಯ ಕಲ್ಲನ್ನು, ದ್ಯಾವಿ ತನ್ನದನ್ನು. ಕಡೆಗೆ ಮುದುಕ ತಳದ ತನಕ ಕೈ ಇಳಿಸಿ ಪಾಚಿಗಲ್ಲನ್ನು ಎತ್ತಿ, ಎದೆಗೆ ಒರೆಸಿಕೊಂಡ. ಬೆಳ್ಳಜ್ಜಿ ಪೊಟರೆಗೆ ಕೈ ಹಾಕಿ ತಡವಿ ನೋಡಿದಳು.

ಉಳಿದ ಕಲ್ಲು, ಸೊನ್ನೆ.